ಮಯೋರ್ಕಾದಲ್ಲಿ ಮನೆ ಹಿಡಿಯುವುದು

ಮೆಡಿಟರೇನಿಯನ್ ಕಡಲತೀರದಲ್ಲಿ ರಜೆಗೆಂದು ವಿಲ್ಲಾ ಹಿಡಿಯುವವರ ಕಣ್ಣು ಮೊದಲು ಹೋಗುವುದು ಫೋಟೋಗಳ ಮೇಲೆ: ಈಜುಕೊಳ, ಅದರಂಚಿಗೆ ತಾಗಿದಂತೆ ಕಾಣುವ ನೀಲಿ ಕಡಲು, ಜಗಲಿಯಲ್ಲೊಂದು ಊಟದ ಮೇಜು. ಇಷ್ಟು ಒಪ್ಪಿಗೆಯಾದ ಮೇಲೆ ಊರು ಯಾವುದೆಂದು ವಿಚಾರಿಸುವುದು ರೂಢಿ. ಆದರೆ ಮನೆಗಿಂತ ಮೊದಲು ಆರಿಸಬೇಕಾದದ್ದು ಊರನ್ನು. ಮನೆಯಲ್ಲಿ ಒಂದೆರಡು ಕೊರತೆಯಿದ್ದರೆ ಸುಧಾರಿಸಿಕೊಳ್ಳಬಹುದು. ಊರು ತಪ್ಪಿದರೆ ಹಾಲು, ಬ್ರೆಡ್ಡು, ಕಡಲಸ್ನಾನ ಎಲ್ಲಕ್ಕೂ ಕಾರು ತೆಗೆಯಬೇಕಾಗುತ್ತದೆ. ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಇದು ಎದ್ದು ಕಾಣುತ್ತದೆ.

ದ್ವೀಪದ ವಿಸ್ತೀರ್ಣ ಸುಮಾರು 3,640 ಚದರ ಕಿ.ಮೀ., ಕೊಡಗು ಜಿಲ್ಲೆಗಿಂತ ತುಸು ಕಡಿಮೆ. ಅಷ್ಟರಲ್ಲೇ ಕಡಲು ನಾಲ್ಕು ಬಗೆ. ವಾಯವ್ಯದಲ್ಲಿ ಟ್ರಾಮುಂಟಾನ ಬೆಟ್ಟಸಾಲು ನೆಟ್ಟಗೆ ನೀರಿಗಿಳಿಯುತ್ತದೆ; ನೋಟ ಅಪೂರ್ವ, ಮರಳು ಅಪರೂಪ. ಸಾ ಕಲೋಬ್ರಾ ಎಂಬ ಪುಟ್ಟ ಕೊಲ್ಲಿಗೆ ಇಳಿಯುವ ರಸ್ತೆ 1932ರದು. ಇಳಿಜಾರನ್ನು ತಗ್ಗಿಸಲು ಅದು ಒಂದೆಡೆ ಪೂರ್ತಿ ಸುತ್ತು ಹಾಕಿ ತನ್ನ ಕೆಳಗೇ ನುಸುಳಿ ಹೋಗುತ್ತದೆ. ಅಂಥ ತಿರುವುಗಳನ್ನು ಒಮ್ಮೆ ಏರಿಳಿಯುವುದು ಮೋಜು, ದಿನವೂ ಏರಿಳಿಯುವುದು ಶಿಕ್ಷೆ. ಈಶಾನ್ಯದ ಪೊಯೆನ್ಸಾ, ಅಲ್ಕುಡಿಯಾ ಕೊಲ್ಲಿಗಳಲ್ಲಿ ಆಳವಿಲ್ಲದ ನೀರು, ಉದ್ದನೆಯ ಮರಳತೀರ. ಪೂರ್ವದಲ್ಲಿ ಸುಣ್ಣಕಲ್ಲಿನ ಬಂಡೆಗಳ ನಡುವೆ ‘ಕಾಲಾ’ ಎಂಬ ಕಿರುಕೊಲ್ಲಿಗಳು; ದಕ್ಷಿಣದಲ್ಲಿ ಎಸ್ ಟ್ರೆಂಕ್‌ನ ಬಯಲು ಮರಳು.

ಹಳೆಯ ಊರುಗಳು ಹೆಚ್ಚಾಗಿ ಕಡಲಿಂದ ಕೆಲವು ಕಿಲೋಮೀಟರು ಒಳಗಿವೆ. ಕಡಲ್ಗಳ್ಳರ ಭಯ ಇದಕ್ಕೊಂದು ಮುಖ್ಯ ಕಾರಣ. 1561ರಲ್ಲಿ ಸೋಯರ್ ಮೇಲೆ ನಡೆದ ದಾಳಿಯನ್ನು ಊರಿನವರು ಇಂದಿಗೂ ಪ್ರತಿ ಮೇ ತಿಂಗಳಲ್ಲಿ ಬೀದಿಯಲ್ಲೇ ಆಡಿ ತೋರಿಸುತ್ತಾರೆ. ಹೀಗಾಗಿ ಸೋಯರ್, ಪೊಯೆನ್ಸಾ, ಆಂಡ್ರಾಟ್ಷ್ ಊರುಗಳಿಗೆ ಒಂದೊಂದು ಬಂದರು ಬೇರೆಯಾಗಿ ಬೆಳೆಯಿತು. ಬಂದರಿನಲ್ಲಿ ಎಷ್ಟೋ ಅಂಗಡಿ, ಹೋಟೆಲುಗಳು ಚಳಿಗಾಲಕ್ಕೆ ಬಾಗಿಲು ಹಾಕುತ್ತವೆ. ಒಳಗಿನ ಊರು ವರ್ಷವಿಡೀ ಬದುಕುತ್ತದೆ. ಸೋಯರ್‌ನಿಂದ ಬಂದರಿಗೆ 1913ರಿಂದ ಟ್ರಾಮ್ ಓಡುತ್ತಿದೆ. ಬೆಳಿಗ್ಗೆ ಸಂತೆ, ಮಧ್ಯಾಹ್ನ ಕಡಲು ಎನ್ನುವವರಿಗೆ ಇಂಥ ಊರಿನ ಅಂಚೇ ಉತ್ತಮ. ಕಡಲ ನೋಟ ಕೈಬಿಟ್ಟರೆ ಬಾಡಿಗೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಪುಟ್ಟ ಮಕ್ಕಳಿರುವ ಕುಟುಂಬದ ಮಾತು ಬೇರೆ: ದಿನಕ್ಕೆರಡು ಸಲ ನೀರಿಗಿಳಿಯುವ ಮಕ್ಕಳಿಗೆ ಅಲ್ಕುಡಿಯಾದ ಮರಳತೀರಕ್ಕೆ ಸಮನಾದದ್ದಿಲ್ಲ, ಗದ್ದಲವಿದ್ದರೂ ಸರಿ. ಮಂಡಿನೋವಿನ ಹಿರಿಯರಿದ್ದರೆ ಬೆಟ್ಟದ ಊರಿನ ಮೆಟ್ಟಿಲುಗಳನ್ನು ಮರೆಯುವಂತಿಲ್ಲ.

ಕಾಲದ ಲೆಕ್ಕವೂ ಊರಿನ ಲೆಕ್ಕದೊಳಗೇ ಬರುತ್ತದೆ. ಕರ್ನಾಟಕ ಮಳೆಯಲ್ಲಿ ನೆನೆಯುವ ಜೂನ್-ಜುಲೈಯಲ್ಲಿ ಅಲ್ಲಿ ಒಣ ಬಿಸಿಲು. ಮಳೆ ಬರುವುದು ಬೇಸಿಗೆ ಕಳೆದ ಮೇಲೆ. ಬೇಸಿಗೆಯ ಮಧ್ಯಾಹ್ನ ಕಡಲಿಂದ ಬೀಸುವ ‘ಎಂಬಾತ್’ ಗಾಳಿಗೆ ತೆರೆದುಕೊಂಡ ಮನೆ ತಂಪು; ಬೆಟ್ಟ ಸುತ್ತುವರಿದ ಕಣಿವೆಯ ಮನೆಗೆ ಆ ಭಾಗ್ಯ ಕಡಿಮೆ. ಅಕ್ಟೋಬರಿನಲ್ಲಿ ನೀರು ಇನ್ನೂ ಬೆಚ್ಚಗಿರುತ್ತದೆ, ಆದರೆ ಮಳೆ ಒಮ್ಮೆಗೇ ಸುರಿಯಬಹುದು. 2018ರ ಅಕ್ಟೋಬರ್ 9ರಂದು ಪೂರ್ವಭಾಗದ ಸಾಂಟ್ ಯೊರೆನ್ಸ್ ಸುತ್ತಮುತ್ತ ಹಳ್ಳ ಉಕ್ಕಿ 13 ಜನ ಸತ್ತರು. ವರ್ಷದ ಬಹುಕಾಲ ಒಣಗಿರುವ ಹಳ್ಳದ ದಂಡೆಯ ಮನೆ ಫೋಟೋದಲ್ಲಿ ಚೆಲುವಾಗಿಯೇ ಇರುತ್ತದೆ.

ಚಳಿಗಾಲಕ್ಕೆ ಮನೆ ಹಿಡಿದವರ ಪಾಡಿಗೆ ಹಳೆಯ ಸಾಕ್ಷಿ ಸಂಗೀತಗಾರ ಶೋಪಾನ್ ಮತ್ತು ಲೇಖಕಿ ಜಾರ್ಜ್ ಸಾಂಡ್. 1838ರ ನವೆಂಬರಿನಲ್ಲಿ ಬಂದ ಇವರು ಪಾಲ್ಮಾ ನಗರದ ಹತ್ತಿರ ಹಿಡಿದದ್ದು ಬೇಸಿಗೆಗೆ ಒಪ್ಪುವ ವಿಲ್ಲಾ. ಗೋಡೆ ತೆಳು, ಬೆಂಕಿಗೂಡಿಲ್ಲದೆ ಇದ್ದಿಲ ಅಗ್ಗಿಷ್ಟಿಕೆಯೇ ಗತಿ. ಮಳೆ ಹಿಡಿಯುತ್ತಲೇ ಶೋಪಾನ್‌ನ ಕೆಮ್ಮು ಹೆಚ್ಚಿತು. ಕ್ಷಯದ ಭಯಕ್ಕೆ ಮಾಲೀಕ ಮನೆ ಬಿಡಿಸಿದ. ಆಮೇಲೆ ಸೇರಿದ ವಾಲ್ದೆಮೋಸಾ ಊರಿನ ಹಳೆಯ ಮಠದಲ್ಲೂ ತಂಡಿಯೇ. ಫೆಬ್ರವರಿಯಲ್ಲಿ ದ್ವೀಪ ಬಿಟ್ಟರು. ಮನೆ ತಂಪಾಗಿದೆ ಎಂಬ ಹೊಗಳಿಕೆ ಜನವರಿಗೆ ಅನ್ವಯಿಸದು.

ಜಾಹೀರಾತಿನ ಎರಡು ಮಾತುಗಳನ್ನು ಎಚ್ಚರದಿಂದ ಓದಬೇಕು. ‘ಸ್ವಂತ ಬೀಚ್’ ಎಂಬುದು ಅಲ್ಲಿ ನಡೆಯುವುದಿಲ್ಲ: 1988ರ ಕರಾವಳಿ ಕಾಯ್ದೆಯ ಪ್ರಕಾರ ತೀರ ಸಾರ್ವಜನಿಕ. ‘ಸ್ವಚ್ಛ ಮರಳು’ ಎಂಬುದೂ ಅರ್ಧ ಸತ್ಯವೇ. ಪೊಸಿಡೋನಿಯಾ ಎಂಬ ಕಡಲಹುಲ್ಲಿನ ಕಂದು ಎಲೆಗಳು ದಡದಲ್ಲಿ ರಾಶಿ ಬೀಳುತ್ತವೆ. ಅದು ಕಸವಲ್ಲ, ನೀರನ್ನು ತಿಳಿಯಾಗಿಡುವುದೇ ಆ ಹುಲ್ಲು.

ಊರೊಳಗೆ ಇರಬೇಕೆಂಬ ವಾದಕ್ಕೆ ಒಂದು ಗಟ್ಟಿ ಆಕ್ಷೇಪವೂ ಇದೆ. ಪ್ರವಾಸಿಗಳಿಗೆ ಹೋದ ಮನೆ ಊರಿನವರಿಗೆ ಸಿಗುವುದಿಲ್ಲ. ಪಾಲ್ಮಾ ನಗರ 2018ರಲ್ಲಿ ಫ್ಲ್ಯಾಟುಗಳನ್ನು ಪ್ರವಾಸಿಗಳಿಗೆ ಬಾಡಿಗೆ ಕೊಡುವುದನ್ನು ನಿಷೇಧಿಸಿತು. 2024ರಲ್ಲಿ ಸಾವಿರಾರು ಜನ ಮಿತಿಮೀರಿದ ಪ್ರವಾಸೋದ್ಯಮದ ವಿರುದ್ಧ ಬೀದಿಗಿಳಿದರು. ಆದ್ದರಿಂದ ಹಳೆಯ ಬೀದಿಯ ಮನೆಗಿಂತ, ಊರಿಗೆ ನಡೆದು ಹೋಗುವಷ್ಟು ಹತ್ತಿರದ ತೋಟದ ಮನೆ ವಾಸಿ. ಅದಕ್ಕೆ ಪ್ರವಾಸಿ ಬಾಡಿಗೆಯ ಪರವಾನಗಿ ಇದೆಯೇ ಎಂದು ಮುಂಗಡ ಕಟ್ಟುವ ಮೊದಲೇ ನೋಡಬೇಕು. ಪರವಾನಗಿಯ ಸಂಖ್ಯೆ ಜಾಹೀರಾತಿನಲ್ಲೇ ಇರಬೇಕೆಂಬುದು ಅಲ್ಲಿನ ನಿಯಮ.