ಅಭ್ಯಾಸ ಬೋಧನೆ ಎರಡು ವರ್ಷಕ್ಕೆ ಮುಗಿಯಬೇಕೇ?

ಅಭ್ಯಾಸ ಬೋಧನೆಯ ದಿನಗಳಲ್ಲಿ ಪ್ರಶಿಕ್ಷಣಾರ್ಥಿಗಳು ಮಕ್ಕಳಿಗಿಂತ ಹೆಚ್ಚು ಅಳುಕುವುದು ತರಗತಿಯ ಹಿಂದೆ ವೀಕ್ಷಣಾ ಪುಸ್ತಕ ಹಿಡಿದು ಕುಳಿತವರಿಗೆ. ಪಾಠಯೋಜನೆಗೆ ಸಹಿ, ಪಾಠದ ನಂತರದ ಚರ್ಚೆ, ಸಹಪಾಠಿಗಳ ಟಿಪ್ಪಣಿ ಇವೆಲ್ಲ ಬೇಗ ಮುಗಿದರೆ ಸಾಕು ಎನ್ನಿಸುವುದು ಸಹಜ. ಕೆಲಸಕ್ಕೆ ಸೇರಿದ ಮೇಲೆ ಅವು ನಿಜವಾಗಿಯೂ ಮುಗಿದುಹೋಗುತ್ತವೆ. 25ನೇ ವಯಸ್ಸಿನಲ್ಲಿ ಸರ್ಕಾರಿ ಶಾಲೆಗೆ ಸೇರಿದವರು 60ಕ್ಕೆ ನಿವೃತ್ತರಾಗುವವರೆಗೆ 35 ವರ್ಷ ಪಾಠ ಮಾಡುತ್ತಾರೆ. ಆ ಅವಧಿಯಲ್ಲಿ ಅವರ ಪಾಠವನ್ನು ಪೂರ್ತಿಯಾಗಿ ನೋಡಿ, ಕುಳಿತು ಮಾತಾಡುವವರು ಎಷ್ಟು ಸಲ ಬರುತ್ತಾರೆ? ನಮ್ಮ ಸೇವಾನಿರತ ಶಿಕ್ಷಣದ ದೊಡ್ಡ ಕೊರತೆ ಇರುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ.

ನೀತಿಗಳಲ್ಲಿ ಆಶಯಕ್ಕೆ ಬರವಿಲ್ಲ. ಪ್ರತಿ ಐದು ವರ್ಷದ ಸೇವೆಯಲ್ಲಿ ಕನಿಷ್ಠ ಎರಡು ಮೂರು ತಿಂಗಳ ಸೇವಾನಿರತ ಶಿಕ್ಷಣ ಪ್ರತಿ ಶಿಕ್ಷಕರಿಗೂ ಸಿಗಬೇಕೆಂದು 1964–66ರ ಕೊಠಾರಿ ಆಯೋಗ ಹೇಳಿತ್ತು. 1986ರ ನೀತಿಯ ಫಲವಾಗಿ ಜಿಲ್ಲೆಗಳಲ್ಲಿ ಡಯಟ್‌ಗಳು ಬಂದವು. ಆಮೇಲೆ ತಾಲ್ಲೂಕು ಮತ್ತು ಕ್ಲಸ್ಟರ್ ಮಟ್ಟದಲ್ಲಿ ಸಂಪನ್ಮೂಲ ಕೇಂದ್ರಗಳಾದವು. 2019ರಲ್ಲಿ ‘ನಿಷ್ಠಾ’ ತರಬೇತಿ ಶುರುವಾಗಿ, ಕೋವಿಡ್ ಕಾಲದಲ್ಲಿ ದೀಕ್ಷಾ ವೇದಿಕೆಗೆ ಹೋಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಅಭಿವೃದ್ಧಿಯನ್ನು ನಿರೀಕ್ಷಿಸುತ್ತದೆ. ಅದು ಶಿಕ್ಷಕರ ಸ್ವಂತ ಆಸಕ್ತಿಯನ್ನು ಅನುಸರಿಸಿರಬೇಕು ಎಂದೂ ಹೇಳುತ್ತದೆ.

ಗಂಟೆಗಳನ್ನು ಎಣಿಸುವುದು ಸುಲಭ. ಹಾಜರಾತಿ ಹಾಳೆಯಿದೆ, ಆನ್‌ಲೈನ್ ಆದರೆ ಪ್ರಮಾಣಪತ್ರವಿದೆ. ಆದರೆ ಆ ಗಂಟೆಗಳು ತರಗತಿಯನ್ನು ಮುಟ್ಟಿದವೇ ಎಂದು ಕೇಳುವ ವ್ಯವಸ್ಥೆ ದುರ್ಬಲ. ರಾಜ್ಯದಲ್ಲಿ ತರಬೇತಾದವರು ಜಿಲ್ಲೆಗೆ, ಜಿಲ್ಲೆಯವರು ತಾಲ್ಲೂಕಿಗೆ ಹೇಳುತ್ತಾ ಬರುವಾಗ ಚಟುವಟಿಕೆಯ ಹೆಸರು ಉಳಿಯುತ್ತದೆ, ಅದರ ಹಿಂದಿನ ಕಾರಣ ಕಳಚಿಕೊಳ್ಳುತ್ತದೆ.

ಒಂದು ಲೆಕ್ಕವನ್ನು ತೆಗೆದುಕೊಳ್ಳೋಣ. 52ರಿಂದ 38 ಕಳೆ ಎಂದರೆ ಎಷ್ಟೋ ಮಕ್ಕಳು 26 ಎಂದು ಬರೆಯುತ್ತಾರೆ. ಎರಡರಲ್ಲಿ ಎಂಟು ಹೋಗುವುದಿಲ್ಲ, ಆದ್ದರಿಂದ ಎಂಟರಲ್ಲಿ ಎರಡು ಕಳೆದಿರುತ್ತಾರೆ. ‘ಮಗುವಿನ ತಪ್ಪಿನ ಹಿಂದಿನ ಯೋಚನೆಯನ್ನು ಗುರುತಿಸಿ’ ಎಂದು ತರಬೇತಿ ಸಭಾಂಗಣದಲ್ಲಿ ಎಲ್ಲರೂ ಬರೆದುಕೊಳ್ಳುತ್ತೇವೆ. ಮರುದಿನ ತರಗತಿಯಲ್ಲಿ ಉತ್ತರ ತಪ್ಪಾದಾಗ ಕೆಂಪು ಗೆರೆ ಎಳೆದು ಮುಂದಿನ ಪುಸ್ತಕಕ್ಕೆ ಕೈ ಹಾಕುತ್ತೇವೆ. ಹಿಂದೆ ಇನ್ನೊಬ್ಬ ಶಿಕ್ಷಕಿ ಕುಳಿತಿದ್ದರೆ, “ಆ ಮೂರನೇ ಸಾಲಿನ ಹುಡುಗಿ ಎಲ್ಲ ಲೆಕ್ಕದಲ್ಲೂ ಚಿಕ್ಕದನ್ನೇ ದೊಡ್ಡದರಿಂದ ಕಳೆಯುತ್ತಿದ್ದಳು, ನೋಡಿದಿರಾ ಮೇಡಂ? ನಾಳೆ ಐದು ಹತ್ತರ ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು ನೋಡೋಣವೇ?” ಎನ್ನಬಹುದಿತ್ತು. ಕೌಶಲ ಬೆಳೆಯುವುದು ಇಂಥ ಮಾತಿನಲ್ಲಿ. ಆ ಮಾತಿಗೆ ಹತ್ತು ನಿಮಿಷ ಸಾಕು. ಆದರೆ ಅದನ್ನು ಆಡುವವರು ಅದೇ ಪಾಠವನ್ನು ನೋಡಿರಬೇಕು.

ಇದು ಆಗದ ಮಾತಲ್ಲ. ನಮ್ಮ ನಲಿಕಲಿಯ ಮೂಲವನ್ನು ನೆನೆಯಿರಿ. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದು, ತಮ್ಮ ಮಕ್ಕಳಿಗೆ ಬೇಕಾದ ಕಾರ್ಡುಗಳನ್ನೂ ಕಲಿಕಾ ಮೆಟ್ಟಿಲುಗಳನ್ನೂ ತಾವೇ ರೂಪಿಸಿದರು. ಮುಂದೆ ಅದು ಇಡೀ ರಾಜ್ಯಕ್ಕೆ ಹಬ್ಬಿತು. ಕಾರ್ಡು ಏಕೆ ಹಾಗಿದೆ ಎಂದು ರೂಪಿಸಿದವರಿಗೆ ಗೊತ್ತಿತ್ತು. ಕಟ್ಟು ಕೈಗೆ ಬಂದವರಿಗೆ ಹೇಗೆ ಬಳಸಬೇಕು ಎಂಬ ಸೂಚನೆ ಮಾತ್ರ ಸಿಕ್ಕಿದರೆ ಉತ್ಸಾಹ ಬೇಗ ತಣ್ಣಗಾಗುತ್ತದೆ. ಜಪಾನಿನ ಶಾಲೆಗಳಲ್ಲಿ ಇದಕ್ಕೊಂದು ಪದ್ಧತಿಯೇ ಇದೆ. ಶಿಕ್ಷಕರು ಒಟ್ಟಾಗಿ ಒಂದು ಪಾಠ ಯೋಜಿಸುತ್ತಾರೆ, ಒಬ್ಬರು ಬೋಧಿಸುತ್ತಾರೆ, ಉಳಿದವರು ಮಕ್ಕಳನ್ನು ಗಮನಿಸುತ್ತಾರೆ, ನಂತರ ಚರ್ಚಿಸುತ್ತಾರೆ. ನಮ್ಮ ಅಭ್ಯಾಸ ಬೋಧನೆಗೂ ಇದಕ್ಕೂ ಹೆಚ್ಚು ದೂರವಿಲ್ಲ. ಅವರು ಅದನ್ನು ವೃತ್ತಿಯುದ್ದಕ್ಕೂ ಮಾಡುತ್ತಾರೆ, ನಾವು ಪದವಿಯ ಜೊತೆಗೇ ಕೈಬಿಡುತ್ತೇವೆ.

ಆಕ್ಷೇಪಗಳಿವೆ, ಅವು ಹುಸಿಯಲ್ಲ. ಬಿಸಿಯೂಟದ ಲೆಕ್ಕ, ಮಾಹಿತಿ ನಮೂದು, ಚುನಾವಣೆ, ಗಣತಿ ಇವುಗಳ ನಡುವೆ ಇನ್ನೊಬ್ಬರ ಪಾಠ ನೋಡಲು ಬಿಡುವೆಲ್ಲಿ? ಏಕೋಪಾಧ್ಯಾಯ ಶಾಲೆಯಲ್ಲಿ ನೋಡುವವರಾದರೂ ಯಾರು? ಎರಡನೆಯ ಪ್ರಶ್ನೆಗೆ ಉತ್ತರ ಕ್ಲಸ್ಟರ್‌ನಲ್ಲಿದೆ. ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವ ಸಮಯದಲ್ಲಿ ಒಂದು ಗಂಟೆ ಉಳಿಸಿ, ಸಭೆ ನಡೆಯುವ ಶಾಲೆಯಲ್ಲೇ ಒಂದು ನಿಜವಾದ ಪಾಠ ನೋಡಬಹುದು. ಮೊದಲನೆಯದಕ್ಕೆ ಇಲಾಖೆಯೇ ಉತ್ತರ ಕೊಡಬೇಕು: ಕಲಿಯಿರಿ ಎಂದು ಹೇಳುವವರು ಕಲಿಯಲು ಸಮಯವನ್ನೂ ಕೊಡಬೇಕು. ಅದನ್ನು ಶಿಕ್ಷಕರ ರಜೆಯಿಂದ ಕಿತ್ತುಕೊಳ್ಳಬಾರದು.

ಇನ್ನೊಂದು ಅಡ್ಡಿ ಭಯ. ಹಿಂದೆ ಕುಳಿತವರೆಂದರೆ ತಪಾಸಣೆಗೆ ಬಂದವರು ಎಂಬ ಭಾವನೆ ಆಳವಾಗಿದೆ. ಅದನ್ನು ಬಿತ್ತುವುದರಲ್ಲಿ ನಮ್ಮ ಕಾಲೇಜುಗಳ ಪಾಲೂ ಇದೆ. ಬಿ.ಇಡಿ. ವಿದ್ಯಾರ್ಥಿ ಕನಿಷ್ಠ 20 ವಾರ ಶಾಲೆಯಲ್ಲಿರಬೇಕೆಂದು 2014ರ ನಿಯಮಗಳು ಹೇಳುತ್ತವೆ. ಅಷ್ಟು ವಾರಗಳ ವೀಕ್ಷಣೆ ‘ಧ್ವನಿ ಚೆನ್ನಾಗಿದೆ, ಕಪ್ಪುಹಲಗೆ ಬಳಕೆ ಸುಧಾರಿಸಲಿ’ ಎಂಬಲ್ಲಿಗೆ ನಿಂತು ಅಂಕವಾದರೆ, ವೀಕ್ಷಣೆಯಿಂದ ತಪ್ಪಿಸಿಕೊಳ್ಳುವುದನ್ನೇ ಕಲಿಸಿದಂತಾಗುತ್ತದೆ.

ಎರಡು ಕೆಲಸ ನಮ್ಮ ಕೈಯಲ್ಲೇ ಇವೆ. ಮೊದಲನೆಯದು, ಸಹಪಾಠಿಯ ಪಾಠ ನೋಡುವ ಪ್ರಶಿಕ್ಷಣಾರ್ಥಿ ಇಬ್ಬರು ಮಕ್ಕಳನ್ನು ಆರಿಸಿಕೊಂಡು, ಆ ಅವಧಿಯಲ್ಲಿ ಅವರು ಏನು ಮಾಡಿದರು, ಏನು ಕೇಳಿದರು, ಎಲ್ಲಿ ಸುಮ್ಮನಾದರು ಎಂದು ಬರೆಯಲಿ. ಚರ್ಚೆ ಅಲ್ಲಿಂದ ಶುರುವಾದರೆ ಅಂಕದ ಮಾತು ಹಿಂದೆ ಸರಿಯುತ್ತದೆ. ಎರಡನೆಯದು ಅಭ್ಯಾಸ ಶಾಲೆಗೆ ಸಂಬಂಧಿಸಿದ್ದು. ಪ್ರಶಿಕ್ಷಣಾರ್ಥಿಗಳು ಬಂದರೆಂದರೆ ಅಲ್ಲಿನ ಶಿಕ್ಷಕರಿಗೆ ದಾಖಲೆ ಪೂರೈಸಲು ಬಿಡುವು ಸಿಕ್ಕಿತು ಎಂಬುದು ಹಲವೆಡೆ ನಡೆದುಬಂದಿದೆ. ಅದರ ಬದಲು ಆ ಶಿಕ್ಷಕರನ್ನು ವಾರಕ್ಕೊಂದು ಪಾಠ ಮಾಡಲು ಕೇಳಿಕೊಳ್ಳೋಣ. ನಮ್ಮವರು ನೋಡಲಿ, ಎಲ್ಲರೂ ಸಮಾನರಾಗಿ ಕುಳಿತು ಮಾತಾಡಲಿ. 20 ವರ್ಷ ಸೇವೆಯಾದವರ ಪಾಠಕ್ಕೆ ಮತ್ತೆ ಜೊತೆಗಾರರು ಸಿಗುತ್ತಾರೆ. ಹೊಸಬರಿಗೆ ಅನುಭವಿಯೂ ತಡಕಾಡುತ್ತಾರೆ ಎಂಬುದು ಕಾಣುತ್ತದೆ. ಇದಕ್ಕೆ ಪ್ರತ್ಯೇಕ ಅನುದಾನವಾಗಲಿ ಆದೇಶವಾಗಲಿ ಬೇಕಿಲ್ಲ. ಮುಖ್ಯಶಿಕ್ಷಕರ ಒಪ್ಪಿಗೆ ಮತ್ತು ನಮ್ಮ ಮೇಲ್ವಿಚಾರಕರ ವಿನಯ ಇದ್ದರೆ ಸಾಕು.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ನೀವು ಸೇವೆಗೆ ಸೇರಿದ ಮೇಲೆ ತರಬೇತಿಯ ಆದೇಶಗಳು ಬರುತ್ತಲೇ ಇರುತ್ತವೆ. ಹೋಗಿ, ಸಿಕ್ಕಿದ್ದನ್ನು ಕಲಿಯಿರಿ. ಆದರೆ ಆದೇಶಕ್ಕೆ ಕಾಯದೆ ಮೊದಲ ವರ್ಷದಲ್ಲೇ ಪಕ್ಕದ ಕೊಠಡಿಯ ಶಿಕ್ಷಕರನ್ನು, “ಸರ್, ನಾಳೆ ಎರಡನೇ ಅವಧಿಗೆ ಬಂದು ಸ್ವಲ್ಪ ನೋಡುತ್ತೀರಾ?” ಎಂದು ಕೇಳಿ. ನಿಮ್ಮ ತರಗತಿಯ ಮಗುವಿಗೆ ನಾಲ್ಕನೇ ತರಗತಿ ಒಂದೇ ಸಲ ಸಿಗುತ್ತದೆ. ನೀವು 35 ವರ್ಷದಲ್ಲಿ ನಿಧಾನವಾಗಿ ಸರಿಹೋಗುತ್ತೀರೆಂದು ಕಾಯಲು ಅದಕ್ಕೆ ಸಮಯವಿಲ್ಲ.