ಕಾಂತದ ಪಾಠದಲ್ಲಿ ಬಿಟ್ಟುಹೋದ ಗೋಡೆ

"ಬಡಿದರೆ ಕಾಂತತ್ವ ಹೋಗುತ್ತದೆ" ಎಂದು ಬಾಯಿಪಾಠ ಮಾಡಿಸುತ್ತೇವೆ. ಯಾಕೆಂದು ಕೇಳಿದರೆ ಮುಂದಿನ ತರಗತಿ ತೋರಿಸುತ್ತೇವೆ. ಇದು ತಪ್ಪು. ಕಬ್ಬಿಣದೊಳಗೆ ಸಣ್ಣ ಸಣ್ಣ ಕಾಂತವಲಯಗಳಿವೆ, ಒಂದೊಂದಕ್ಕೆ ಒಂದೊಂದು ದಿಕ್ಕು, ನಡುವೆ ಗೋಡೆ. (ಗಡಿನಾಡಿನ ಮಕ್ಕಳಿಗೆ ಇದನ್ನು ವಿವರಿಸಬೇಕೇ!) ಬಿಟ್ಟರೆ ಮೊದಲಿನ ಉದ್ದಕ್ಕೇ ಮರಳುವಷ್ಟು ತುಸು ಎಳೆದರೂ ಗೋಡೆಗಳು ಸರಿಯುತ್ತವೆ: ಕಬ್ಬಿಣದಲ್ಲಿ ಎಳೆದ ದಿಕ್ಕಿನ ವಲಯಗಳು ಹಿಗ್ಗುತ್ತವೆ, ನಿಕ್ಕಲಿನಲ್ಲಿ ಅಡ್ಡದಿಕ್ಕಿನವು. ಎಳೆದರೆ ಕಾಂತತ್ವ ಬದಲಾಗುವುದನ್ನು ಇಟಲಿಯ ವಿಲ್ಲಾರಿ 1865ರಲ್ಲೇ ಕಂಡಿದ್ದರು. ಬಡಿತದಲ್ಲೂ ಅಷ್ಟೇ, ಸಿಕ್ಕಿಬಿದ್ದ ಗೋಡೆಗಳು ಅದುರಿ ಜಾರುತ್ತವೆ, ವಲಯಗಳು ಒಂದರ ಬಲವನ್ನೊಂದು ಕಳೆಯುತ್ತವೆ.

ವಿಜ್ಞಾನಕ್ಕೆ ಕನ್ನಡ ಸಾಲದೆಂದು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸುವ ಪೋಷಕರನ್ನು ನಾವು ದೂರುತ್ತೇವೆ. ಆದರೆ ಕಾರಣ ಹೇಳದೆ ಸಾಲು ಮಾತ್ರ ಒಪ್ಪಿಸಿಕೊಂಡರೆ ಅವರು ಹೇಳಿದ್ದನ್ನು ನಿಜ ಮಾಡುವವರು ನಾವೇ ಅಲ್ಲವೇ? ಈ ಸಲ ಕಾಂತದ ಪಾಠಕ್ಕೆ ಮೊದಲು ಕಪ್ಪುಹಲಗೆಯ ಮೇಲೆ ಗೋಡೆ ಬರೆಯುತ್ತೇವೆ.