ಹಿಂಬಾಗಿಲಿನಿಂದ ಬರುವ ಖಾಸಗೀಕರಣ

2025ರ ಜುಲೈ ಕೊನೆಯಲ್ಲಿ ಅಮೆರಿಕದ ಖಜಾನೆ ಕಾರ್ಯದರ್ಶಿ ಸ್ಕಾಟ್ ಬೆಸೆಂಟ್ ಒಂದು ಸಭೆಯಲ್ಲಿ ಬಾಯಿ ತಪ್ಪಿಯೋ ಏನೋ ಒಂದು ಸತ್ಯವನ್ನು ನುಡಿದರು. ನವಜಾತ ಶಿಶುಗಳ ಹೆಸರಿನಲ್ಲಿ ಸರಕಾರ ತಲಾ ಸಾವಿರ ಡಾಲರ್ ಇಟ್ಟು ಶೇರು ಮಾರುಕಟ್ಟೆಯಲ್ಲಿ ತೊಡಗಿಸುವ ಹೊಸ ಖಾತೆಗಳು ಒಂದರ್ಥದಲ್ಲಿ ಸೋಶಿಯಲ್ ಸೆಕ್ಯುರಿಟಿಯನ್ನು ಖಾಸಗೀಕರಿಸುವ ಹಿಂಬಾಗಿಲು ಎಂಬುದೇ ಅವರ ಮಾತಿನ ತಾತ್ಪರ್ಯವಾಗಿತ್ತು. ಪ್ರತಿಪಕ್ಷಗಳು ಮುಗಿಬಿದ್ದವು. ಈ ಖಾತೆಗಳು ಪಿಂಚಣಿಗೆ ಪೂರಕವೇ ಹೊರತು ಬದಲಿಯಲ್ಲ ಎಂದು ಕೂಡಲೇ ಸ್ಪಷ್ಟೀಕರಣ ಬಂತು. ಆದರೆ ಹಿಂಬಾಗಿಲು ಎಂಬ ಪದ ಆಕಸ್ಮಿಕವಾಗಿ ಹೊರಬಿದ್ದದ್ದಲ್ಲ. ಮುಂಬಾಗಿಲಿನಿಂದ ಪ್ರವೇಶಿಸಲು ಹೋಗಿ ಸೋತವರಿಗೆ ಮಾತ್ರ ಹಿಂಬಾಗಿಲಿನ ನೆನಪಾಗುತ್ತದೆ.

ಏನಿದು ಸೋಶಿಯಲ್ ಸೆಕ್ಯುರಿಟಿ? ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ದುಡಿದು ದಣಿದ ವೃದ್ಧರು ಬೀದಿಗೆ ಬಿದ್ದಾಗ ಅಧ್ಯಕ್ಷ ರೂಸ್‌ವೆಲ್ಟ್ 1935ರ ಆಗಸ್ಟ್ 14ರಂದು ಸಹಿ ಹಾಕಿದ ಕಾನೂನು ಅದು. ದುಡಿಯುವವನ ಸಂಬಳದಿಂದ ಈಗ ಶೇಕಡಾ 6.2, ಮಾಲಕನಿಂದ ಅಷ್ಟೇ ಪಾಲು ಸೇರಿ ನಿಧಿಗೆ ಹೋಗುತ್ತದೆ. ಇಂದು ದುಡಿಯುವವರ ಹಣದಿಂದ ಇಂದಿನ ವೃದ್ಧರಿಗೆ ಪಿಂಚಣಿ. ನಾಳೆ ಇವರು ಮುದುಕರಾದಾಗ ಇವರ ಮಕ್ಕಳ ದುಡಿಮೆಯಿಂದ ಇವರಿಗೆ ಪಿಂಚಣಿ. 1940ರಲ್ಲಿ ಮೊತ್ತಮೊದಲ ಮಾಸಿಕ ಪಿಂಚಣಿ ಪಡೆದ ವರ್ಮಾಂಟ್‌ನ ಐಡಾ ಮೇ ಫುಲ್ಲರ್ ಕಟ್ಟಿದ್ದು ಒಟ್ಟು 24.75 ಡಾಲರ್, ಆಕೆಯ ಮೊದಲ ಚೆಕ್ಕೇ 22.54 ಡಾಲರಿನದು. ಆಕೆ ನೂರು ವರ್ಷ ಬದುಕಿದಳು, ಅಷ್ಟು ಕಾಲವೂ ಪಿಂಚಣಿ ಬರುತ್ತಲೇ ಇತ್ತು. ಎಷ್ಟು ವರ್ಷ ಬದುಕುತ್ತೇವೆಂದು ಯಾರಿಗೂ ತಿಳಿಯದು. ಈ ಅನಿಶ್ಚಿತತೆಯನ್ನು ಒಬ್ಬೊಬ್ಬರೇ ಹೊರುವ ಬದಲು ಇಡೀ ಸಮಾಜ ಒಟ್ಟಾಗಿ ಹೊತ್ತುಕೊಳ್ಳುವುದೇ ಈ ಯೋಜನೆಯ ತಿರುಳು. ಅಂಗವಿಕಲರಾದ ಕಾರ್ಮಿಕರಿಗೂ ದುಡಿಯುವ ತಂದೆಯನ್ನು ಕಳೆದುಕೊಂಡ ಮಕ್ಕಳಿಗೂ ಇದರಲ್ಲಿ ಪಾಲಿದೆ ಎಂಬುದನ್ನು ಖಾಸಗೀಕರಣದ ವಕೀಲರು ಸಾಮಾನ್ಯವಾಗಿ ಮರೆಯುತ್ತಾರೆ.

ಹಾಗೆಂದು ಅವರ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 1960ರಲ್ಲಿ ಒಬ್ಬ ಫಲಾನುಭವಿಗೆ ಐವರು ದುಡಿಯುವವರಿದ್ದರು, ಈಗ ಮೂವರೂ ಇಲ್ಲ. ನಿಧಿಯ ಟ್ರಸ್ಟಿಗಳು 2025ರಲ್ಲಿ ನೀಡಿದ ವರದಿಯ ಪ್ರಕಾರ ವೃದ್ಧಾಪ್ಯ ಪಿಂಚಣಿಯ ಮೀಸಲು ಹಣ 2033ರಲ್ಲಿ ಬರಿದಾಗುತ್ತದೆ. ನಿಧಿ ದಿವಾಳಿಯಾಗುತ್ತದೆ ಎಂದು ಯುವಕರನ್ನು ಹೆದರಿಸಲು ಬಳಸಲಾಗುವುದು ಈ ವಾಕ್ಯವನ್ನೇ. ಅದೇ ವರದಿಯ ಮುಂದಿನ ಮಾತನ್ನು ಮಾತ್ರ ಯಾರೂ ಓದಿ ಹೇಳುವುದಿಲ್ಲ. ಮೀಸಲು ಮುಗಿದ ಮೇಲೂ ಪ್ರತಿ ತಿಂಗಳು ಬರುವ ವಂತಿಗೆಯಿಂದಲೇ ಶೇಕಡಾ 77ರಷ್ಟು ಪಿಂಚಣಿ ಕೊಡಬಹುದು. ಕೊರತೆ ಇರುವುದು ಉಳಿದ 23ರದ್ದು.

ಅದನ್ನು ತುಂಬಲು ದಾರಿಗಳಿಲ್ಲವೇ? ಒಂದು ಉದಾಹರಣೆ ಸಾಕು. 2025ರಲ್ಲಿ ವಾರ್ಷಿಕ 1,76,100 ಡಾಲರ್‌ವರೆಗಿನ ಸಂಬಳಕ್ಕೆ ಮಾತ್ರ ಈ ವಂತಿಗೆ ಅನ್ವಯಿಸುತ್ತಿತ್ತು, ಅದಕ್ಕಿಂತ ಮೇಲಿನದಕ್ಕೆ ಏನೂ ಇಲ್ಲ. ಅಂಗಡಿಯ ನೌಕರ ಡಿಸೆಂಬರ್ 31ರವರೆಗೂ ಕಟ್ಟುತ್ತಾನೆ. ವರ್ಷಕ್ಕೆ ಒಂದು ಕೋಟಿ ಡಾಲರ್ ಸಂಬಳದ ಅಧಿಕಾರಿಯ ಬಾಧ್ಯತೆ ಜನವರಿಯ ಮೊದಲ ವಾರದಲ್ಲೇ ಮುಗಿದುಹೋಗುತ್ತದೆ. ಈ ಮಿತಿಯನ್ನು ತೆಗೆದರೆ ಕೊರತೆಯ ದೊಡ್ಡ ಭಾಗ ತುಂಬುತ್ತದೆ. ಆದರೆ ವಾಷಿಂಗ್ಟನ್‌ನಲ್ಲಿ ಇದಕ್ಕಿಂತ ಮುದುಕರ ಖಾತೆಯನ್ನು ಶೇರು ಪೇಟೆಗೆ ಕಳಿಸುವುದೇ ಸುಲಭವಾಗಿ ಕಾಣುತ್ತದೆ!

2005ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಪ್ರಯತ್ನಿಸಿದ್ದು ಇದನ್ನೇ. 55 ವರ್ಷದೊಳಗಿನವರು ತಮ್ಮ ಸಂಬಳದ ಶೇಕಡಾ 4ರಷ್ಟು ವಂತಿಗೆಯನ್ನು ಖಾಸಗಿ ಹೂಡಿಕೆ ಖಾತೆಗೆ ತಿರುಗಿಸಬಹುದು ಎಂದರು. ಲಾಭ ಹೆಚ್ಚು, ಹಣ ನಿಮ್ಮದೇ, ಮಕ್ಕಳಿಗೂ ಬಿಟ್ಟುಹೋಗಬಹುದು ಎಂಬ ಆಮಿಷವೂ ಇತ್ತು. ಆದರೆ ಇಂದಿನ ದುಡಿಯುವವನ ಹಣ ಅವನ ಖಾತೆಗೆ ಹೋದರೆ ಇಂದಿನ ವೃದ್ಧನಿಗೆ ಕೊಡುವವರಾರು? ಅದಕ್ಕೆ ಸಾಲವೇ ಗತಿ. ಜನ ಇದನ್ನು ಅರ್ಥ ಮಾಡಿಕೊಂಡರು. ಬುಷ್ ಊರೂರು ಸುತ್ತಿ ಪ್ರಚಾರ ಮಾಡಿದರೂ ಸ್ವಪಕ್ಷದ ಹಿಡಿತದಲ್ಲಿದ್ದ ಸಂಸತ್ತಿನಲ್ಲೇ ಅದು ಮತಕ್ಕೆ ಬರಲಿಲ್ಲ. ಮೂರು ವರ್ಷಗಳ ಬಳಿಕ 2008ರಲ್ಲಿ ಅಮೆರಿಕದ ಶೇರು ಸೂಚ್ಯಂಕಗಳು ಮೂರನೇ ಒಂದಕ್ಕೂ ಹೆಚ್ಚು ಮೌಲ್ಯ ಕಳೆದುಕೊಂಡವು. ಪೇಟೆ ಮುಂದೆ ಚೇತರಿಸಿಕೊಂಡಿತು ನಿಜ. ಆದರೆ ಆ ವರ್ಷವೇ ನಿವೃತ್ತನಾದವನಿಗೆ ಕಾಯುವ ಆಯ್ಕೆ ಎಲ್ಲಿತ್ತು?

ಪಿಂಚಣಿಯಲ್ಲಿ ಸೋತದ್ದು ವೈದ್ಯಕೀಯ ವಿಮೆಯಲ್ಲಿ ಗೆದ್ದಿದೆ. ನಮ್ಮ ದೃಷ್ಟಿಯಲ್ಲಿ ಹೆಚ್ಚು ಗಮನಿಸಬೇಕಾದುದು ಇದನ್ನು. 65 ದಾಟಿದವರಿಗಾಗಿ 1965ರಲ್ಲಿ ಅಧ್ಯಕ್ಷ ಜಾನ್ಸನ್ ಜಾರಿಗೆ ತಂದ ಮೆಡಿಕೇರ್ ಸರಕಾರಿ ವಿಮೆ. ಅದನ್ನು ಖಾಸಗೀಕರಿಸಬೇಕೇ ಎಂದು ಯಾರೂ ಜನರನ್ನು ನೇರವಾಗಿ ಕೇಳಲಿಲ್ಲ. ಬದಲಾಗಿ ಖಾಸಗಿ ವಿಮಾ ಕಂಪೆನಿಗಳ ಮೂಲಕವೂ ಪಡೆಯಬಹುದೆಂಬ ಒಂದು ಆಯ್ಕೆಯನ್ನು ತೆರೆದಿಟ್ಟು, 2003ರ ಕಾನೂನಿನ ಮೂಲಕ ಆ ಕಂಪೆನಿಗಳಿಗೆ ಕೈತುಂಬ ಹಣ ನೀಡಲಾಯಿತು. ಮೆಡಿಕೇರ್ ಅಡ್ವಾಂಟೇಜ್ ಎಂದು ಅದರ ಹೆಸರು. ಇಂದು ಅರ್ಹರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದರೊಳಗಿದ್ದಾರೆ. ವೃದ್ಧರು ಸುಮ್ಮನೆ ಅತ್ತ ಹೋಗುವುದಿಲ್ಲ. ಸರಕಾರಿ ಮೆಡಿಕೇರ್ ಹಲ್ಲಿನ ಚಿಕಿತ್ಸೆಗೆ, ಕನ್ನಡಕಕ್ಕೆ ಹಣ ಕೊಡುವುದಿಲ್ಲ. ರೋಗಿ ತಾನೇ ಭರಿಸಬೇಕಾದ ಖರ್ಚಿಗೆ ಅಲ್ಲಿ ಮೇಲ್ಮಿತಿಯೂ ಇಲ್ಲ. ಸರಕಾರ ಬಿಟ್ಟ ಈ ಬಿರುಕಿನಲ್ಲೇ ಕಂಪೆನಿಗಳು ಒಳನುಗ್ಗಿದವು.

ಖಾಸಗಿಯವರು ಮಿತವ್ಯಯಿಗಳು ಎಂಬುದು ನಾವೆಲ್ಲ ಕೇಳುತ್ತಲೇ ಬಂದಿರುವ ಮಂತ್ರ. ಸಂಸತ್ತಿಗೆ ಸಲಹೆ ನೀಡುವ ಮೆಡಿಕೇರ್ ಆಯೋಗವೇ 2025ರಲ್ಲಿ ಮಾಡಿದ ಅಂದಾಜಿನಂತೆ, ಅದೇ ವೃದ್ಧರನ್ನು ಸರಕಾರಿ ಯೋಜನೆಯಲ್ಲಿ ನೋಡಿಕೊಳ್ಳಲು ತಗಲುವುದಕ್ಕಿಂತ ಶೇಕಡಾ 20ರಷ್ಟು, ಅಂದರೆ ಆ ಒಂದೇ ವರ್ಷದಲ್ಲಿ ಸುಮಾರು 8,400 ಕೋಟಿ ಡಾಲರ್, ಹೆಚ್ಚು ಹಣ ಕಂಪೆನಿಗಳಿಗೆ ಸಂದಾಯವಾಗುತ್ತದೆ. ಇದರ ಗುಟ್ಟು ಸರಳ. ಕಾಗದದ ಮೇಲೆ ರೋಗಿ ಎಷ್ಟು ಹೆಚ್ಚು ಕಾಯಿಲೆಯವನೋ ಕಂಪೆನಿಗೆ ಅಷ್ಟು ಹೆಚ್ಚು ಹಣ. ಆದುದರಿಂದ ಕಡತದಲ್ಲಿ ಕಾಯಿಲೆಗಳ ಪಟ್ಟಿ ಬೆಳೆಯುತ್ತದೆ. ಆದರೆ ಆಸ್ಪತ್ರೆಗೆ ಹೋದಾಗ ಕಂಪೆನಿಯ ಪೂರ್ವಾನುಮತಿ ಬೇಕು. ಸರಕಾರದ ಆರೋಗ್ಯ ಇಲಾಖೆಯ ಮಹಾ ಪರಿವೀಕ್ಷಕರು 2022ರಲ್ಲಿ ಪರಿಶೀಲಿಸಿದಾಗ, ನಿರಾಕರಿಸಲಾದ ಪೂರ್ವಾನುಮತಿ ಕೋರಿಕೆಗಳಲ್ಲಿ ಶೇಕಡಾ 13ರಷ್ಟು ಮೆಡಿಕೇರ್ ನಿಯಮದಂತೆ ಕೊಡಲೇಬೇಕಾಗಿದ್ದವು ಎಂದು ಕಂಡುಬಂತು. ಹಣ ಕೇಳುವಾಗ ರೋಗಿ, ಚಿಕಿತ್ಸೆ ಕೇಳುವಾಗ ಆರೋಗ್ಯವಂತ! ಮರಳಿ ಸರಕಾರಿ ಯೋಜನೆಗೆ ಬರೋಣವೆಂದರೆ, ಅದರ ಜತೆ ಬೇಕಾಗುವ ಪೂರಕ ವಿಮೆಯನ್ನು ಹಳೆಯ ಕಾಯಿಲೆಯ ನೆಪ ಹೇಳಿ ನಿರಾಕರಿಸಲು ಹೆಚ್ಚಿನ ರಾಜ್ಯಗಳಲ್ಲಿ ಅವಕಾಶವಿದೆ. ಒಳಹೋಗಲು ಹೆಬ್ಬಾಗಿಲು, ಹೊರಬರಲು ಕಿಂಡಿ.

ಪಿಂಚಣಿಯನ್ನು ಪೂರ್ಣವಾಗಿ ಖಾಸಗಿಗೆ ಒಪ್ಪಿಸಿದ ದೇಶವೂ ಇಲ್ಲದಿಲ್ಲ. ಚಿಲಿಯ ಸರ್ವಾಧಿಕಾರಿ ಪಿನೋಚೆ 1981ರಲ್ಲಿ ಕಾರ್ಮಿಕರ ಸಂಬಳದ ಶೇಕಡಾ 10ನ್ನು ಖಾಸಗಿ ನಿಧಿ ಕಂಪೆನಿಗಳಿಗೆ ಕೊಡಿಸಿದ. ಬುಷ್ ಬಳಗಕ್ಕೆ ಅದೇ ಮಾದರಿಯಾಗಿತ್ತು. ಆದರೆ ಪಿಂಚಣಿ ಎಷ್ಟು ಕೃಶವಾಯಿತೆಂದರೆ 2008ರಲ್ಲಿ, ಮತ್ತೆ 2022ರಲ್ಲಿ ಸರಕಾರವೇ ತನ್ನ ಬೊಕ್ಕಸದಿಂದ ವೃದ್ಧರಿಗೆ ಕೊಡಬೇಕಾಯಿತು. 2025ರ ಸುಧಾರಣೆ ಮಾಲಕರನ್ನೂ ವಂತಿಗೆಗೆ ಮರಳಿ ಕರೆತಂದಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ಅಧ್ಯಯನದ ಪ್ರಕಾರ, ಚಿಲಿಯ ಹಾದಿ ಹಿಡಿದ 30 ದೇಶಗಳ ಪೈಕಿ 18 ಪೂರ್ಣವಾಗಿಯೋ ಭಾಗಶಃವೋ ಹಿಂದಿರುಗಿವೆ. ಇನ್ನೂ ಒಂದು ಸಂಗತಿಯಿದೆ. ಪಿನೋಚೆ ತನ್ನ ಸೈನಿಕರನ್ನೂ ಪೊಲೀಸರನ್ನೂ ಮಾತ್ರ ಈ ಅದ್ಭುತ ಯೋಜನೆಯಿಂದ ಹೊರಗಿಟ್ಟಿದ್ದ. ಅವರಿಗೆ ಹಳೆಯ ಸರಕಾರಿ ಪಿಂಚಣಿಯೇ ಮುಂದುವರಿಯಿತು.

ಈ ಚರ್ಚೆ ನಮ್ಮಿಂದ ದೂರದ್ದೆಂದು ಭಾವಿಸುವಂತಿಲ್ಲ. ಅಮೆರಿಕದಲ್ಲಿ ದುಡಿಯುವ ನಮ್ಮ ನಾಡಿನ ಯುವಕರ ಸಂಬಳದಿಂದಲೂ ಈ ವಂತಿಗೆ ಕಡಿತವಾಗುತ್ತದೆ. ಹತ್ತು ವರ್ಷಗಳ ದುಡಿಮೆ ಪೂರೈಸದೆ ಮರಳಿದವರಿಗೆ ಪಿಂಚಣಿಯ ಹಕ್ಕಿಲ್ಲ. ಭಾರತ ಸರಕಾರವೂ 2004ರ ಜನವರಿ 1ರಿಂದ ಸೇರಿದ ತನ್ನ ನೌಕರರಿಗೆ ಖಾತರಿ ಪಿಂಚಣಿಯ ಬದಲು ಮಾರುಕಟ್ಟೆ ಆಧಾರಿತ ಯೋಜನೆಯನ್ನು ತಂದಿತು. ಇಲ್ಲಿಯೂ ಸಶಸ್ತ್ರ ಪಡೆಗಳಿಗೆ ವಿನಾಯಿತಿ! ಕರ್ನಾಟಕ 2006ರ ಎಪ್ರಿಲ್ 1ರಿಂದ ಅದನ್ನೇ ಅನುಸರಿಸಿತು. ನೌಕರರು ವರ್ಷಗಟ್ಟಲೆ ಹೋರಾಡಿದ ಬಳಿಕ, 25 ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧದಷ್ಟನ್ನು ಖಾತರಿಪಡಿಸುವ ಏಕೀಕೃತ ಯೋಜನೆಯನ್ನು ಕೇಂದ್ರ 2025ರ ಎಪ್ರಿಲ್‌ನಿಂದ ಜಾರಿಗೊಳಿಸಿತು. ಖಾತರಿ ಬೇಕೆಂಬ ಬೇಡಿಕೆಯ ಮುಂದೆ ಮಾರುಕಟ್ಟೆಯ ವಾದ ಕೊನೆವರೆಗೂ ನಿಲ್ಲಲಿಲ್ಲ ಎನ್ನಬೇಕು.

ಸರಕಾರಿ ನೌಕರರಿಗೆ ಸಂಘಗಳಿವೆ, ಮತಪೆಟ್ಟಿಗೆಯ ಬಲವಿದೆ. ಬೀಡಿ ಕಟ್ಟುವ, ಹೊಲಿಗೆ ಯಂತ್ರ ತುಳಿಯುವ, ಗುಜರಿ ಹೆಕ್ಕುವ ಕೈಗಳಿಗೆ ಖಾಸಗೀಕರಿಸಲು ಸಹ ಒಂದು ಪಿಂಚಣಿ ಇಲ್ಲ. ಬಡತನ ರೇಖೆಯ ಕೆಳಗಿನ ವೃದ್ಧರಿಗೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ ಕೇಂದ್ರ ಸರಕಾರದ ಪಾಲು 79 ವರ್ಷದವರೆಗೆ ತಿಂಗಳಿಗೆ 200 ರೂಪಾಯಿ. ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಅದು ಅಷ್ಟೇ ಉಳಿಯಿತು. ಆ ಅವಧಿಯಲ್ಲಿ ಕೇಂದ್ರದಲ್ಲಿ ಆಳಿದ ಎರಡು ಮೈತ್ರಿಕೂಟಗಳಲ್ಲಿ ಒಂದೂ ಅದನ್ನು ಏರಿಸಲಿಲ್ಲ.